ಮಳೆ ಹಿಡಿದರೆ ಮಾತ್ರ ಸರ್ಟಿಫಿಕೇಟ್ ಎರರ್: ಮೇಗರವಳ್ಳಿ ಕಡೆಯ ಒಂದು ಹಳೇ ಕಂಪ್ಯೂಟರ್ ರಿಪೇರಿ

ದೂರು ಹೀಗಿತ್ತು. ಬೇಸಿಗೆಯಲ್ಲಿ ಎಲ್ಲ ಸೈಟೂ ತೆರೆಯುತ್ತವೆ, ಮಳೆ ಹಿಡಿದ ಮೇಲೆ ಅರ್ಧಕ್ಕರ್ಧ ತೆರೆಯುವುದಿಲ್ಲ. ಕೆಂಪು ತ್ರಿಕೋನ ಬರುತ್ತದೆ, 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಅನ್ನುತ್ತದೆ, ಅಲ್ಲಿಗೆ ನಿಂತುಬಿಡುತ್ತದೆ. ಸೈಟಿನ ಸರ್ಟಿಫಿಕೇಟ್, ಅಂದರೆ ಇದು ಅಸಲಿ ಸೈಟೇ ಅಂತ ಹೇಳುವ ಗುರುತಿನ ಪತ್ರ, ಬ್ರೌಸರಿಗೆ ಒಪ್ಪಿಗೆಯಾಗದಿದ್ದಾಗ ಬರುವ ಎರರ್ ಇದು. ಮಳೆಗೆ ನೆಟ್‌ವರ್ಕ್ ಕೆಟ್ಟಿದೆ ಅಂತ ಮನೆಯವರು ತೀರ್ಮಾನ ಮಾಡಿದ್ದರು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ, ಮೇಗರವಳ್ಳಿ ಹತ್ತಿರದ ತೋಟದ ಮನೆ ಅದು. ಅಲ್ಲಿ ಏನು ಕೆಟ್ಟರೂ ಮೊದಲು ಮಳೆಯ ಮೇಲೇ ಅನುಮಾನ ಬರುತ್ತದೆ.

ಕಂಪ್ಯೂಟರ್ ಹಳೆಯದು. ಅಸೆಂಬಲ್ ಮಾಡಿಸಿದ್ದು, ವಿಂಡೋಸ್ 7. ಕ್ರೋಮ್ 109 ಇದೆ, ಅದೇ ವಿಂಡೋಸ್ 7ಕ್ಕೆ ಬಂದ ಕೊನೆಯ ಕ್ರೋಮ್. ಜೊತೆಗೆ ಫೈರ್‌ಫಾಕ್ಸ್ 115ರ ಇಎಸ್‌ಆರ್, ಅಂದರೆ ಹೆಚ್ಚು ಕಾಲ ಅಪ್‌ಡೇಟ್ ಸಿಗುವ ಆವೃತ್ತಿ, ಇದೆ. ಕೆಲಸವೂ ಜಾಸ್ತಿ ಇಲ್ಲ. ಅಡಿಕೆ ಧಾರಣೆ ನೋಡುವುದು, ಕರೆಂಟ್ ಬಿಲ್ ಕಟ್ಟುವುದು, ಪಹಣಿ ತೆಗೆಯುವುದು, ಬ್ಯಾಂಕಿನ ಲೆಕ್ಕ ನೋಡುವುದು.

ಕಂಪ್ಯೂಟರ್ ಕೆಟ್ಟಿದ್ದಕ್ಕಿಂತ ನನಗೆ ಚಿಂತೆಯಾಗಿದ್ದು ಬೇರೆ ವಿಷಯ. ಎರರ್ ಬಂದರೆ 'ಅಡ್ವಾನ್ಸ್ಡ್' ಒತ್ತಬೇಕು, ಆಮೇಲೆ ಕೆಳಗಿರುವ 'ಪ್ರೊಸೀಡ್' ಒತ್ತಬೇಕು ಅಂತ ಮನೆಯ ಹುಡುಗ ಎಲ್ಲರಿಗೂ ಹೇಳಿಕೊಟ್ಟಿದ್ದ. ಅಜ್ಜಿಯೂ ಸೇರಿ ಎಲ್ಲರಿಗೂ ಅದು ಬಾಯಿಪಾಠ. ಬ್ಯಾಂಕಿನ ಸೈಟಲ್ಲಿ ಮಾತ್ರ ಆ ಪ್ರೊಸೀಡ್ ಬಟನ್ ಕಾಣುತ್ತಿರಲಿಲ್ಲ, ಹಾಗಾಗಿ ಅದೊಂದು 'ಪೂರ್ತಿ ಕೆಟ್ಟಿದೆ' ಅಂತ ಲೆಕ್ಕ. ನಿಜ ಹೇಳಬೇಕೆಂದರೆ ಅದೊಂದೇ ಸರಿಯಾಗಿ ಕೆಲಸ ಮಾಡುತ್ತಿತ್ತು. ಎಚ್‌ಎಸ್‌ಟಿಎಸ್ ಅಂತ ಒಂದು ನಿಯಮವಿದೆ, 2012ರಿಂದಲೇ ಇದೆ. ಸೈಟಿನವರು ಅದನ್ನು ಹಾಕಿಟ್ಟರೆ, ಸರ್ಟಿಫಿಕೇಟ್ ಸರಿ ಇಲ್ಲದಾಗ ಬ್ರೌಸರ್ ಯಾರನ್ನೂ ಒಳಗೆ ಬಿಡುವುದಿಲ್ಲ. ಬಟನ್ನೇ ತೋರಿಸುವುದಿಲ್ಲ. ಇದನ್ನು ದಾಟಲು ಇಂಟರ್ನೆಟ್‌ನಲ್ಲಿ ಅಡ್ಡದಾರಿಗಳು ಸಿಗುತ್ತವೆ, ದಯವಿಟ್ಟು ಹುಡುಕಬೇಡಿ.

ಹಾಗಾಗಿ ಯಾವ ಬಟನ್ನೂ ಒತ್ತದೆ ಮೊದಲು ಎರರ್ ಪೇಜನ್ನೇ ಓದಿದೆ. ದೊಡ್ಡ ಅಕ್ಷರದ ಕೆಳಗೆ ಸಣ್ಣದಾಗಿ ಒಂದು ಕೋಡ್ ಇರುತ್ತದೆ, ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ಕ್ರೋಮ್‌ನಲ್ಲಿ ಮುಖ್ಯವಾಗಿ ಮೂರು ಬರುತ್ತವೆ. 'ಸರ್ಟ್ ಡೇಟ್ ಇನ್‌ವ್ಯಾಲಿಡ್' ಅಂದರೆ ದಿನಾಂಕದ ತಕರಾರು. 'ಸರ್ಟ್ ಕಾಮನ್ ನೇಮ್ ಇನ್‌ವ್ಯಾಲಿಡ್' ಅಂದರೆ ಸರ್ಟಿಫಿಕೇಟ್ ಬೇರೆ ಹೆಸರಿಗಿದೆ. ಮುಂದೆ ಡಬ್ಲ್ಯು ಡಬ್ಲ್ಯು ಡಬ್ಲ್ಯು ಇರುವ ವಿಳಾಸಕ್ಕೆ ಮಾತ್ರ ಸರ್ಟಿಫಿಕೇಟ್ ಮಾಡಿಸಿ, ಅದಿಲ್ಲದ ವಿಳಾಸವನ್ನು ಮರೆತ ಸೈಟುಗಳಲ್ಲಿ ಇದು ಬರುತ್ತದೆ. 'ಸರ್ಟ್ ಅಥಾರಿಟಿ ಇನ್‌ವ್ಯಾಲಿಡ್' ಅಂದರೆ ಅದನ್ನು ಕೊಟ್ಟವರು ಯಾರು ಅಂತ ಬ್ರೌಸರಿಗೆ ಗೊತ್ತಿಲ್ಲ. ಊರಿಗೆ ಹೊಸಬರು ಬಂದರೆ 'ಯಾರ ಪೈಕಿ?' ಅಂತ ಕೇಳುತ್ತೇವಲ್ಲ, ಬ್ರೌಸರ್ ಕೇಳುವುದೂ ಅದನ್ನೇ. ಗೊತ್ತಿರುವ ಯಾರ ಹೆಸರೂ ಬರದಿದ್ದರೆ ಬಾಗಿಲು ತೆಗೆಯುವುದಿಲ್ಲ.

ಈ ಮನೆಯಲ್ಲಿ ಹೆಚ್ಚಿನ ಸೈಟಿಗೆ ಬರುತ್ತಿದ್ದುದು ಮೊದಲನೆಯದು, ದಿನಾಂಕದ್ದು. ಅಂದರೆ ನೋಡಬೇಕಾದ ಜಾಗ ಸ್ಕ್ರೀನಿನ ಬಲ ಮೂಲೆ. ಅಲ್ಲಿ 07-06 ಅಂತಿತ್ತು. ನಾನು ಹೋಗಿದ್ದು ಜುಲೈ 6ಕ್ಕೆ. ಸುಮ್ನೆ ಕಣ್ಣು ಹಾಯಿಸಿದರೆ ಸರಿಯಾಗಿಯೇ ಕಾಣುತ್ತದೆ. ಆದರೆ ಅದರ ಮೇಲೆ ಕ್ಲಿಕ್ ಮಾಡಿ ಕ್ಯಾಲೆಂಡರ್ ತೆರೆದರೆ ಜೂನ್ 7! ಹೆಚ್ಚುಕಡಿಮೆ ಒಂದು ತಿಂಗಳು ಹಿಂದೆ.

ಆಗಿದ್ದು ಏನೆಂದರೆ, ಕಂಪ್ಯೂಟರ್ ಆನ್ ಮಾಡಿದಾಗ ಗಡಿಯಾರ 2009ರ ಜನವರಿ 1ಕ್ಕೆ ಹೋಗಿ ಕೂತಿರುತ್ತಿತ್ತು. ಅಷ್ಟು ಹಿಂದಿದ್ದರೆ ಕ್ರೋಮ್ ನೇರವಾಗಿ 'ನಿಮ್ಮ ಗಡಿಯಾರ ಹಿಂದಿದೆ' ಅಂತಲೇ ಹೇಳುತ್ತದೆ. ಅದನ್ನು ಓದಿ ಹುಡುಗ ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪೇಜಿಗೆ, ಹೋಗಿ ದಿನಾಂಕ ಹಾಕುತ್ತಿದ್ದ. ಆ ಬಯಾಸ್‌ನಲ್ಲಿ ಮೊದಲು ತಿಂಗಳು, ಆಮೇಲೆ ದಿನ. ನಮ್ಮ ರೂಢಿಯಲ್ಲಿ ಮೊದಲು ದಿನ. ಜುಲೈ 6 ಅಂತ ಅವನು ಹಾಕಿದ 06-07 ಕಂಪ್ಯೂಟರಿಗೆ ಜೂನ್ 7 ಆಯಿತು. ವಿಂಡೋಸ್ ಅದನ್ನೇ ತಿರುಗಿಸಿ 07-06 ಅಂತ ತೋರಿಸಿತು. ಹೇಗೆ ಓದಿದರೂ ಸರಿ ಅನ್ನಿಸುವ ಸಂಖ್ಯೆ ಅಲ್ವಾ, ಯಾರಿಗೂ ಅನುಮಾನ ಬಂದಿರಲಿಲ್ಲ.

ಇನ್ನು ಅರ್ಧ ಸೈಟುಗಳು ಮಾತ್ರ ಯಾಕೆ ತಕರಾರು ಮಾಡುತ್ತಿದ್ದವು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ಸರ್ಟಿಫಿಕೇಟ್‌ನಲ್ಲಿ ಎರಡು ದಿನಾಂಕ ಇರುತ್ತದೆ, ಇಂಥ ದಿನದಿಂದ, ಇಂಥ ದಿನದವರೆಗೆ. ಕೊನೆಯ ದಿನಾಂಕವನ್ನು ಎಲ್ಲರೂ ನೋಡುತ್ತಾರೆ, ಮೊದಲನೆಯದನ್ನು ಯಾರೂ ನೋಡುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಪುಕ್ಕಟೆಯಾಗಿ ಕೊಡುವ ಸರ್ಟಿಫಿಕೇಟ್ 90 ದಿನದ್ದು. ಸಾಮಾನ್ಯವಾಗಿ ಇನ್ನೂ 30 ದಿನ ಬಾಕಿ ಇರುವಾಗಲೇ ಸರ್ವರ್ ತಾನಾಗಿ ಹೊಸದು ತೆಗೆದುಕೊಳ್ಳುತ್ತದೆ. ಅಂದರೆ ಹೆಚ್ಚುಕಡಿಮೆ 60 ದಿನಕ್ಕೊಮ್ಮೆ ಬದಲು. ಈಗ ನಿಮ್ಮ ಗಡಿಯಾರ ಒಂದು ತಿಂಗಳು ಹಿಂದಿದ್ದರೆ, ಕಳೆದ 30 ದಿನದಲ್ಲಿ ಬದಲಾದ ಸರ್ಟಿಫಿಕೇಟ್‌ಗಳೆಲ್ಲ 'ಇನ್ನೂ ಶುರುವೇ ಆಗಿಲ್ಲ' ಅಂತ ಕಾಣುತ್ತವೆ. ಇಂಥ ಸರ್ಟಿಫಿಕೇಟ್ ಇರುವ ಸೈಟುಗಳಲ್ಲಿ ಅವು ಯಾವತ್ತು ಲೆಕ್ಕ ಹಾಕಿದರೂ ಸುಮಾರು ಅರ್ಧ. ಮನೆಯವರು ಹೇಳಿದ 'ಅರ್ಧಕ್ಕರ್ಧ' ಹೀಗೆ ತಾಳೆಯಾಯಿತು. ನಿನ್ನೆ ತೆರೆದ ಸೈಟ್ ಇವತ್ತು ತೆರೆಯದಿರುವುದಕ್ಕೂ ಇದೇ ಕಾರಣ, ರಾತ್ರಿ ಅವರ ಸರ್ಟಿಫಿಕೇಟ್ ಬದಲಾಗಿರುತ್ತದೆ. ಸಣ್ಣಪುಟ್ಟ ವ್ಯತ್ಯಾಸಕ್ಕೆ ತೊಂದರೆ ಆಗಬಾರದು ಅಂತ ಲೆಟ್ಸ್ ಎನ್‌ಕ್ರಿಪ್ಟ್ ಶುರುವಿನ ಸಮಯವನ್ನು ಒಂದು ಗಂಟೆ ಹಿಂದಕ್ಕೆ ಹಾಕಿ ಕೊಡುತ್ತದೆ, ಆದರೆ ಒಂದು ತಿಂಗಳಿಗೆ ಅದೆಲ್ಲಿ ಸಾಲುತ್ತದೆ.

ಮಳೆಗಾಲಕ್ಕೂ ಇದಕ್ಕೂ ಸಂಬಂಧ ಪ್ಲಗ್. ಗುಡುಗು ಕೇಳಿದ ಕೂಡಲೇ ನಮ್ಮ ಕಡೆ ಮೊದಲ ಕೆಲಸ ಟಿವಿ, ಮೋಡೆಮ್, ಕಂಪ್ಯೂಟರ್ ಎಲ್ಲದರ ಪ್ಲಗ್ ಕೀಳುವುದು. ಅದು ಸರಿಯೇ, ಕೀಳಲೇಬೇಕು, ಸಿಡಿಲಿಗೆ ಸುಟ್ಟ ಮದರ್‌ಬೋರ್ಡ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್‌ನಲ್ಲಿದ್ದರೆ ಪವರ್ ಸಪ್ಲೈಯಿಂದ ಸಣ್ಣದೊಂದು 5 ವೋಲ್ಟ್ ಬೋರ್ಡಿಗೆ ಹೋಗುತ್ತಲೇ ಇರುತ್ತದೆ. ಒಳಗಿನ ಗಡಿಯಾರ ಅದರಲ್ಲೇ ನಡೆಯುತ್ತದೆ. ಪ್ಲಗ್ ಕಿತ್ತಾಗ, ಇಲ್ಲವೇ ಕರೆಂಟ್ ಹೋದಾಗ, ಗಡಿಯಾರ ನಡೆಸಬೇಕಾದದ್ದು ಬೋರ್ಡಿನ ಮೇಲಿನ ಬಟನ್ ಸೆಲ್, ಅಂದರೆ ಸಿಮಾಸ್ ಬ್ಯಾಟರಿ. ಅದು ಸತ್ತಿದ್ದರೆ ಬೇಸಿಗೆಯಲ್ಲಿ ಗೊತ್ತೇ ಆಗುವುದಿಲ್ಲ. ಮಳೆಗಾಲದಲ್ಲಿ ದಿನಾ ಪ್ಲಗ್ ಕಿತ್ತು ಹಾಕುವಾಗ ದಿನಾ 2009.

ಹಾಗಾಗಿ ಕ್ಯಾಬಿನೆಟ್ ಬಿಚ್ಚಿದೆ. ಪ್ಲಗ್ ತೆಗೆದು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು ಉಳಿದ ಚಾರ್ಜ್ ಹೊರಗೆ ಬಿಟ್ಟು, ಕಬ್ಬಿಣದ ಮೈ ಮುಟ್ಟಿಕೊಂಡು ಕೈ ಹಾಕಿದೆ. ಸೆಲ್ ಇದ್ದಿದ್ದು ಗ್ರಾಫಿಕ್ಸ್ ಕಾರ್ಡ್ ಜಾಗದ ಕೆಳಗೆ. ಅಂಚಿನಲ್ಲಿ ಸಣ್ಣ ಲೋಹದ ನಾಲಗೆ ಇದೆ, ಅದನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಹೊರಗೆ ತಳ್ಳಿದರೆ ಸೆಲ್ ತಾನೇ ಎದ್ದು ಬರುತ್ತದೆ. ಮಲ್ಟಿಮೀಟರ್ ಹಿಡಿದರೆ ಒಂದೂವರೆ ವೋಲ್ಟೂ ಇಲ್ಲ. ಇರಬೇಕಾದ್ದು 3. ಸೆಲ್ ತೆಗೆದ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಕೆಳಗಿನ ತಗಡಿನ ಮೇಲೆ ಹಸಿರು ಕಿಲುಬು, ಮೂಲೆಯಲ್ಲಿ ಬಿಳಿ ಪುಡಿ. ನಮ್ಮಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಸ್ಟು ಹಿಡಿಯುವ ಹವೆ, ಇದೂ ಅದರದೇ ಕೆಲಸ. ಹೊಸ ಸೆಲ್ ಹಾಕಿ ಮುಚ್ಚಿಬಿಟ್ಟರೆ ಈ ಕಿಲುಬಿನಿಂದ ಸರಿಯಾಗಿ ತಾಗದೆ ಮತ್ತೆ ಅದೇ ಕಥೆ ಆಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಉಜ್ಜಿದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಪುಡಿ ತೆಗೆದೆ, ಪೂರ್ತಿ ಒಣಗಲು ಬಿಟ್ಟೆ. ತಗಡಿನ ಹೊಳಪು ಕಂಡ ಮೇಲೆ ಹೊಸ ಸಿಆರ್ 2032 ಸೆಲ್ಲನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿದೆ. ತೀರ್ಥಹಳ್ಳಿಯಲ್ಲಿ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ಸೆಲ್ ಇದು, ಶಿವಮೊಗ್ಗಕ್ಕೆ ಹೋಗಬೇಕಾಗಿಲ್ಲ. 2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಕೊಟ್ಟರೆ ತೆಗೆದುಕೊಳ್ಳಬೇಡಿ. ಅದು ತೆಳು, ಸಡಿಲವಾಗಿ ಕೂರುತ್ತದೆ.

ಒಂದು ಎಚ್ಚರಿಕೆ. ಸೆಲ್ ತೆಗೆದಾಗ ಬಯಾಸ್ ಸೆಟ್ಟಿಂಗ್ ಎಲ್ಲಾ ಬೋರ್ಡ್ ಹೊಸದಾಗಿ ಬಂದಾಗಿನ ಸ್ಥಿತಿಗೆ ಹೋಗುತ್ತದೆ. ಹಾರ್ಡ್ ಡಿಸ್ಕ್ ಬೋರ್ಡಿನ ಜೊತೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ಎಎಚ್‌ಸಿಐ ಇದ್ದದ್ದು ಐಡಿಇ ಆಗಿಬಿಟ್ಟರೆ ವಿಂಡೋಸ್ ನೀಲಿ ಸ್ಕ್ರೀನ್ ತೋರಿಸಿ ನಿಲ್ಲುತ್ತದೆ, ಡಿಸ್ಕೇ ಹೋಯಿತು ಅಂತ ಜನ ಗಾಬರಿಯಾಗುತ್ತಾರೆ. ಬಿಚ್ಚುವ ಮೊದಲು ಬಯಾಸ್ ಪೇಜುಗಳ ಫೋಟೋ ಮೊಬೈಲಲ್ಲಿ ತೆಗೆದಿಟ್ಟುಕೊಳ್ಳಿ. ಇಲ್ಲಿ ಸೆಲ್ ಸತ್ತು ಕಾಲವಾಗಿತ್ತು, ಸೆಟ್ಟಿಂಗ್ ಹೇಗೂ ಹೊಸದರಲ್ಲಿದ್ದ ಹಾಗೇ ಇತ್ತು, ಹಾಗಾಗಿ ಏನೂ ಆಗಲಿಲ್ಲ.

ಸೆಲ್ ಹಾಕಿದ ಮೇಲೆ ಸಮಯ ಕೂರಿಸಬೇಕು. ಇಂಟರ್ನೆಟ್ ಟೈಮ್ ಅಂತ ವಿಂಡೋಸ್‌ನಲ್ಲೇ ಇದೆಯಲ್ಲ, 'ಅಪ್‌ಡೇಟ್ ನೌ' ಒತ್ತಿದರೆ ಸಾಕಲ್ಲವಾ ಅಂತ ಹುಡುಗ ಕೇಳಿದ. ಸಾಲುವುದಿಲ್ಲ. ಗಡಿಯಾರ 15 ಗಂಟೆಗಿಂತ ಜಾಸ್ತಿ ಆಚೀಚೆ ಇದ್ದರೆ ಮನೆಯ ವಿಂಡೋಸ್ ಕಂಪ್ಯೂಟರ್ ಸಾಮಾನ್ಯವಾಗಿ ತಾನಾಗಿ ತಿದ್ದಿಕೊಳ್ಳುವುದಿಲ್ಲ, ಬದಲಾವಣೆ ತುಂಬಾ ದೊಡ್ಡದು ಅಂತ ಬಿಟ್ಟುಬಿಡುತ್ತದೆ. ಬೇಕೆಂದೇ ಇಟ್ಟ ಮಿತಿ ಅದು. ಯಾರೋ ತಪ್ಪು ಸಮಯ ಕಳಿಸಿ ಇಡೀ ಕಂಪ್ಯೂಟರನ್ನು ವರ್ಷಗಟ್ಟಲೆ ಹಿಂದಕ್ಕೆ ತಳ್ಳಬಾರದಲ್ಲ. ಆದ್ದರಿಂದ ಮೊದಲು ಕೈಯಲ್ಲಿ ದಿನ, ತಿಂಗಳು, ವರ್ಷ, ಗಂಟೆ ಹಾಕಿ, ಆಮೇಲೆ ಸಿಂಕ್ ಮಾಡಬೇಕು. ಟೈಮ್ ಝೋನ್ ಕೂಡ ನೋಡಿ. ಸರ್ಟಿಫಿಕೇಟ್‌ನ ಸಮಯ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದ, ಲೆಕ್ಕದ್ದು, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಝೋನ್ ಅಮೆರಿಕದ್ದಿದ್ದು ಗಂಟೆ ಮಾತ್ರ ನಮ್ಮದಕ್ಕೆ ತಿರುಗಿಸಿಟ್ಟಿದ್ದರೆ, ಕಣ್ಣಿಗೆ ಸರಿ ಕಂಡರೂ ಒಳಗಿನ ಲೆಕ್ಕ ಅರ್ಧ ದಿನ ತಪ್ಪಿರುತ್ತದೆ.

ಪ್ಲಗ್ ಕಿತ್ತು, ಊಟ ಮುಗಿಸಿ ಬಂದು ಮತ್ತೆ ಹಾಕಿದೆವು. ದಿನಾಂಕ, ಸಮಯ ಎರಡೂ ಸರಿಯಾಗಿಯೇ ಉಳಿದಿದ್ದವು. ಬ್ಯಾಂಕ್ ತೆರೆಯಿತು.

ಆದರೆ ಎರರ್ ಪೂರ್ತಿ ಹೋಗಿರಲಿಲ್ಲ. ಈಗ ಕೆಲವು ಸೈಟುಗಳಲ್ಲಿ ಮೂರನೇ ಬಗೆಯದು, ಅಥಾರಿಟಿ ಇನ್‌ವ್ಯಾಲಿಡ್. ದಿನಾಂಕದ ಗಲಾಟೆಯಲ್ಲಿ ಇದು ಮುಚ್ಚಿಹೋಗಿತ್ತು. ಇಲ್ಲಿ ಸರ್ಟಿಫಿಕೇಟನ್ನೇ ತೆರೆದು ನೋಡಬೇಕು. ಅಡ್ರೆಸ್ ಬಾರ್‌ನಲ್ಲಿ 'ನಾಟ್ ಸೆಕ್ಯೂರ್' ಅಂತ ಇರುವಲ್ಲಿ ಕ್ಲಿಕ್ ಮಾಡಿದರೆ ಸರ್ಟಿಫಿಕೇಟ್ ನೋಡುವ ದಾರಿ ಸಿಗುತ್ತದೆ. ಅದರಲ್ಲಿ ಯಾರಿಗೆ ಕೊಟ್ಟದ್ದು, ಯಾರು ಕೊಟ್ಟದ್ದು, ಯಾವಾಗಿನಿಂದ ಯಾವಾಗಿನವರೆಗೆ ಅಂತ ಇರುತ್ತದೆ. 'ಯಾರು ಕೊಟ್ಟದ್ದು' ಅನ್ನುವಲ್ಲಿ ಒಂದು ಆ್ಯಂಟಿವೈರಸ್ ಕಂಪನಿಯ ಹೆಸರಿತ್ತು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೋಡಿದರೆ ಆ ಆ್ಯಂಟಿವೈರಸ್ಸೇ ಇಲ್ಲ! ಟ್ರಯಲ್ ಮುಗಿದಾಗ ತೆಗೆದುಹಾಕಿದ್ದೆವು ಅಂದರು.

ಇಂಥ ಕೆಲವು ಆ್ಯಂಟಿವೈರಸ್‌ಗಳು ಎಚ್‌ಟಿಟಿಪಿಎಸ್ ಒಳಗೂ, ಅಂದರೆ ಬ್ರೌಸರ್ ಮತ್ತು ಸೈಟಿನ ನಡುವಿನ ಗುಟ್ಟಿನ ಮಾತಿನೊಳಗೂ, ಇಣುಕಿ ನೋಡಲು ದಾರಿ ಮಧ್ಯೆ ಕೂರುತ್ತವೆ. ಸೈಟಿನ ಅಸಲಿ ಸರ್ಟಿಫಿಕೇಟ್ ತಾವು ತೆಗೆದುಕೊಂಡು, ನಿಮ್ಮ ಬ್ರೌಸರಿಗೆ ತಾವೇ ತಯಾರಿಸಿದ ಇನ್ನೊಂದನ್ನು ಕೊಡುತ್ತವೆ. ಬ್ರೌಸರ್ ಒಪ್ಪಲಿ ಅಂತ ತಮ್ಮ ರೂಟ್ ಸರ್ಟಿಫಿಕೇಟನ್ನು, ಅಂದರೆ ಉಳಿದವಕ್ಕೆಲ್ಲ ಜಾಮೀನು ನಿಲ್ಲುವ ಮೂಲ ಸರ್ಟಿಫಿಕೇಟನ್ನು, ವಿಂಡೋಸ್‌ನಲ್ಲಿ ಮೊದಲೇ ಸೇರಿಸಿರುತ್ತವೆ. ಇಲ್ಲಿ ತೆಗೆಯುವಾಗ ರೂಟ್ ಹೋಗಿದೆ, ಮಧ್ಯೆ ಕೂತ ಫಿಲ್ಟರ್ ಉಳಿದಿದೆ. ಕಂಪನಿಯವರದೇ ಕ್ಲೀನಪ್ ಟೂಲ್ ಇರುತ್ತದೆ, ಅದನ್ನು ಸೇಫ್ ಮೋಡ್‌ನಲ್ಲಿ ಓಡಿಸಿ ರೀಸ್ಟಾರ್ಟ್ ಮಾಡಿದ ಮೇಲೆ ಸೈಟುಗಳ ಅಸಲಿ ಸರ್ಟಿಫಿಕೇಟ್ ಕಂಡವು. ಆ್ಯಂಟಿವೈರಸ್ ಇಟ್ಟುಕೊಳ್ಳುವವರಿಗೂ ನನ್ನ ಸಲಹೆ, ಅದರ ಎಚ್‌ಟಿಟಿಪಿಎಸ್ ಸ್ಕ್ಯಾನ್ ಆಫ್ ಮಾಡಿ. ಬ್ರೌಸರ್ ಮತ್ತು ಬ್ಯಾಂಕಿನ ನಡುವೆ ಮೂರನೆಯವರು ಬೇಡ.

'ಕೊಟ್ಟವರು ಯಾರಾದರೆ ಏನು, ದೊಡ್ಡವರು ಕೊಟ್ಟರೆ ಸಾಕಲ್ಲ' ಅಂತ ಮನೆಯ ಯಜಮಾನರು ಕೇಳಿದರು. ಒಳ್ಳೆಯ ಪ್ರಶ್ನೆ. ನಮ್ಮ ದೇಶದಲ್ಲೇ ಆದದ್ದು ಹೇಳಿದೆ. 2014ರ ಜುಲೈನಲ್ಲಿ, ಕೇಂದ್ರ ಸರ್ಕಾರದ ಕಂಪ್ಯೂಟರ್ ಕೆಲಸ ನೋಡುವ ಎನ್‌ಐಸಿಯ ಹೆಸರಿನಲ್ಲಿ ಗೂಗಲ್‌ನ ಕೆಲವು ವಿಳಾಸಗಳಿಗೆ ಅನುಮತಿ ಇಲ್ಲದ ಸರ್ಟಿಫಿಕೇಟ್‌ಗಳು ಹೊರಬಿದ್ದಿದ್ದು ಗೂಗಲ್‌ಗೆ ಗೊತ್ತಾಯಿತು. ಎನ್‌ಐಸಿಗೆ ಆ ಅಧಿಕಾರ ಬಂದದ್ದು, ಸರ್ಟಿಫಿಕೇಟ್ ಕೊಡುವವರಿಗೆ ಅನುಮತಿ ಕೊಡುವ ಭಾರತದ ಸಿಸಿಎಯಿಂದ, ಸಿಸಿಎಯ ರೂಟ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿತ್ತು. ಹಾಗಾಗಿ ವಿಂಡೋಸ್‌ನ ಪಟ್ಟಿ ನಂಬುತ್ತಿದ್ದ ಬ್ರೌಸರ್‌ಗಳಿಗೆ ಅಪಾಯವಿತ್ತು, ತನ್ನದೇ ಪಟ್ಟಿ ಇಟ್ಟುಕೊಂಡ ಫೈರ್‌ಫಾಕ್ಸ್‌ಗೆ ಇರಲಿಲ್ಲ. ಆ ಸರ್ಟಿಫಿಕೇಟ್‌ಗಳು ರದ್ದಾದವು, ಕ್ರೋಮ್ ಕೂಡ ಆ ರೂಟನ್ನು ಸರ್ಕಾರಿ ವಿಳಾಸಗಳಂಥ ಕೆಲವಕ್ಕೆ ಮಾತ್ರ ಸೀಮಿತ ಮಾಡಿತು. ದೊಡ್ಡ ಸಂಸ್ಥೆಯ ಹೆಸರಿನಲ್ಲೇ ಹೀಗಾಗಬಹುದಾದರೆ, ಯಾರು ಕೊಟ್ಟದ್ದು ಅಂತ ಬ್ರೌಸರ್ ಕೇಳುವಾಗ ಕೇಳಲು ಬಿಡಬೇಕು.

ಅಷ್ಟರಲ್ಲಿ ಮಗಳ ಹಳೇ ಟ್ಯಾಬ್ಲೆಟ್ ಬಂತು. ಆಂಡ್ರಾಯ್ಡ್ 6. ದಿನಾಂಕ ಸರಿ ಇದೆ, ಮಧ್ಯೆ ಕೂತವರು ಯಾರೂ ಇಲ್ಲ, ಆದರೂ ಕೆಲವು ಸೈಟಿಗೆ ಅಥಾರಿಟಿ ಇನ್‌ವ್ಯಾಲಿಡ್. ಇದು ತುಂಬಾ ಮನೆಗಳಲ್ಲಿ ಇರುವ ತೊಂದರೆ. ಲೆಟ್ಸ್ ಎನ್‌ಕ್ರಿಪ್ಟ್‌ನ ರೂಟ್ 'ಐಎಸ್‌ಆರ್‌ಜಿ ರೂಟ್ ಎಕ್ಸ್1' ಹುಟ್ಟಿದ್ದು 2015ರ ಜೂನ್ 4ಕ್ಕೆ. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯವುಗಳ ಪಟ್ಟಿಯಲ್ಲಿ ಅದು ಇಲ್ಲ. ಮೊದಲೆಲ್ಲ ಐಡೆನ್‌ಟ್ರಸ್ಟ್ ಅನ್ನುವ ಹಳೇ ಸಂಸ್ಥೆಯ ರೂಟ್ ಇದಕ್ಕೆ ಜಾಮೀನು ನಿಂತಿತ್ತು. ಆ ರೂಟ್ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹಳೇ ಆಂಡ್ರಾಯ್ಡ್‌ಗಳಿಗೋಸ್ಕರ ಜಾಮೀನನ್ನು ಇನ್ನೂ ಮೂರು ವರ್ಷ ಎಳೆದರು, 2024ರ ಸೆಪ್ಟೆಂಬರ್ ಕೊನೆಗೆ ಅದೂ ಮುಗಿಯಿತು. ಟ್ಯಾಬ್ಲೆಟ್ ಏನೂ ಕೆಟ್ಟಿಲ್ಲ, ಅದಕ್ಕೆ ಹೊಸ ರೂಟಿನ ಪರಿಚಯ ಇಲ್ಲ ಅಷ್ಟೇ.

ರೂಟನ್ನು ಕೈಯಲ್ಲಿ ಸೇರಿಸಬಹುದು. ಸರಿಯಾದ ಕಂಪ್ಯೂಟರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಸೈಟಿಂದಲೇ ಆ ಫೈಲ್ ಇಳಿಸಿ, ಅದರ ಶಾ-256 ಫಿಂಗರ್‌ಪ್ರಿಂಟ್ (ಫೈಲ್ ಅಸಲಿಯೇ ಅಂತ ಗುರುತಿಸುವ ಉದ್ದನೆಯ ಸಂಖ್ಯೆ) ಅಲ್ಲಿ ಬರೆದದ್ದಕ್ಕೆ ತಾಳೆ ಇದೆಯಾ ನೋಡಿ, ಕೇಬಲ್ಲಿನಲ್ಲಿ ಟ್ಯಾಬ್ಲೆಟ್‌ಗೆ ಹಾಕಿದೆವು. ಸೆಟ್ಟಿಂಗ್ಸ್‌ನ ಸೆಕ್ಯೂರಿಟಿ ಭಾಗದಲ್ಲಿ ಸ್ಟೋರೇಜ್‌ನಿಂದ ಇನ್‌ಸ್ಟಾಲ್ ಮಾಡುವ ಆಯ್ಕೆ ಇದೆ. ಸ್ಕ್ರೀನ್ ಲಾಕ್ ಇಲ್ಲದಿದ್ದರೆ ಮೊದಲು ಪಿನ್ ಹಾಕು ಅನ್ನುತ್ತದೆ, ಹಾಕಿ. ಆಮೇಲೆ 'ನಿಮ್ಮ ನೆಟ್‌ವರ್ಕನ್ನು ಯಾರೋ ಗಮನಿಸುತ್ತಿರಬಹುದು' ಅಂತ ಎಚ್ಚರಿಕೆ ಬರುತ್ತದೆ. ಹೊರಗಿನಿಂದ ರೂಟ್ ಸೇರಿಸಿದರೆ ಅದು ಬಂದೇ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ರೂಟ್ ಫೈಲನ್ನು ಮಾತ್ರ ಯಾವ ಕಾರಣಕ್ಕೂ ಸೇರಿಸಬೇಡಿ. ಒಂದು ರೂಟ್ ಒಳಗೆ ಬಂತೆಂದರೆ ಅದು ಯಾವ ಸೈಟಿನ ಹೆಸರಲ್ಲಿ ಬೇಕಾದರೂ ಸರ್ಟಿಫಿಕೇಟ್ ಕೊಡಬಲ್ಲದು. ಅಷ್ಟು ಹಳೇ ಆಂಡ್ರಾಯ್ಡ್‌ನಲ್ಲಿ ಬ್ಯಾಂಕಿನ ಕೆಲಸ ಬೇಡ ಅಂತಲೂ ಹೇಳಿದೆ. ಪಾಠದ ವೀಡಿಯೋ ನೋಡಲು ಸಾಕು.

ಕೊನೆಗೆ ಪರೀಕ್ಷೆ. ಎಲ್ಲಾ ಸೈಟ್ ತೆರೆಯಿತು ಅಂದ ಮಾತ್ರಕ್ಕೆ ರಿಪೇರಿ ಮುಗಿಯುವುದಿಲ್ಲ, ತೆರೆಯಬಾರದ್ದು ತೆರೆಯುತ್ತಿಲ್ಲ ಅನ್ನುವುದನ್ನೂ ನೋಡಬೇಕು. ಬ್ಯಾಡ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಅಂತ ಒಂದು ಸೈಟಿದೆ. ಅಲ್ಲಿ ಬೇಕೆಂದೇ ಅವಧಿ ಮುಗಿದ, ಹೆಸರು ತಪ್ಪಿದ, ಗುರುತಿಲ್ಲದ ರೂಟಿನ ಸರ್ಟಿಫಿಕೇಟ್ ಹಾಕಿದ ಪೇಜುಗಳಿವೆ. ಒಂದೊಂದೇ ಒತ್ತಿದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಎಲ್ಲವನ್ನೂ ತಡೆದವು. ಹುಡುಗನಿಗೆ ಆ ಮೂರೂ ಕೋಡ್‌ಗಳನ್ನು ಒಂದೇ ಕಡೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮನೆಯ ಮೋಡೆಮ್‌ನ ಸೆಟ್ಟಿಂಗ್ ಪೇಜ್ ತೆರೆದಾಗ ಎರರ್ ಬಂದರೆ ಹೆದರಬೇಡ ಅಂತಲೂ ಹೇಳಿದೆ. ಅದು ಮೋಡೆಮ್ ತನಗೆ ತಾನೇ ಕೊಟ್ಟುಕೊಂಡ ಸರ್ಟಿಫಿಕೇಟ್, ಮನೆಯೊಳಗಿನ ಮಾತು.

ಒಂದು ಸೈಟ್ ಮಾತ್ರ ಇನ್ನೂ ತೆರೆಯುತ್ತಿಲ್ಲ. ಅವರು ದಿನಾ ಅಡಿಕೆ ಧಾರಣೆ ನೋಡುವ ಸೈಟ್. ಸರ್ಟಿಫಿಕೇಟ್ ತೆರೆದರೆ ಕೊನೆಯ ದಿನಾಂಕ ದಾಟಿದೆ. ನನ್ನ ಮೊಬೈಲಿನ ಡೇಟಾದಲ್ಲಿ ನೋಡಿದರೂ ಅದೇ ಎರರ್. ಬೇರೆ ಸಾಧನ, ಬೇರೆ ನೆಟ್‌ವರ್ಕ್, ಎರಡರಲ್ಲೂ ಅದೇ ಬಂದರೆ ತೊಂದರೆ ಆ ಕಡೆಯದು, ನಮ್ಮ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಸರಿಯಾಗುವುದಿಲ್ಲ. ರಾಶಿ, ಬೆಟ್ಟೆ ಅಡಿಕೆಯ ರೇಟ್ ನೋಡಲು ಪ್ರೊಸೀಡ್ ಒತ್ತಿದರೆ ದೊಡ್ಡ ನಷ್ಟ ಇಲ್ಲ ಅಂತ ವಾದಿಸಬಹುದು. ನಾನು ಬೇಡ ಅಂದೆ. ಇಲ್ಲಿ ಒತ್ತಿದ ಬೆರಳು ನಾಳೆ ಪಾಸ್‌ವರ್ಡ್ ಹಾಕುವ ಪೇಜಿನಲ್ಲೂ ಒತ್ತುತ್ತದೆ.

ಇಂಥದ್ದು ಇನ್ನು ಜಾಸ್ತಿ ಆಗಬಹುದು. 2020ರ ಸೆಪ್ಟೆಂಬರ್‌ನಿಂದ ಸರ್ಟಿಫಿಕೇಟ್ ಗರಿಷ್ಠ 398 ದಿನ ಅಂತಿತ್ತು. ಅದು 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100, 2029ರ ಮಾರ್ಚ್ 15ರಿಂದ 47 ಅಂತ ತೀರ್ಮಾನವಾಗಿದೆ. ವರ್ಷಕ್ಕೊಮ್ಮೆ ನೆನಪಾದಾಗ ಕೈಯಲ್ಲಿ ಬದಲಿಸುವ ಸಣ್ಣ ಸೈಟುಗಳಿಗೆ ಕಷ್ಟ. ತಾನಾಗಿ ಬದಲಾಗುವ ವ್ಯವಸ್ಥೆ ಮಾಡಿಕೊಳ್ಳದೆ ಬೇರೆ ದಾರಿ ಇಲ್ಲ. ಧಾರಣೆ ಸೈಟಿನ ಕೆಳಗೆ ಇದ್ದ ನಂಬರಿಗೆ ಫೋನ್ ಮಾಡಿ, ಎರರ್ ಪೇಜಿನ ಫೋಟೋ ಕಳಿಸಿ, ಕೊನೆಯ ದಿನಾಂಕ ಓದಿ ಹೇಳಿದೆವು. ನೋಡುತ್ತೇವೆ ಅಂದಿದ್ದಾರೆ.

ವಿಂಡೋಸ್ 7 ಹೀಗೇ ಇಟ್ಟುಕೊಂಡಿರಲು ಆಗುವುದಿಲ್ಲ. ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟದ್ದೇ 2020ರ ಜನವರಿ 14ಕ್ಕೆ. ಅಡಿಕೆ ಕೊಯ್ಲು ಮುಗಿದ ಮೇಲೆ ಒಂದು ಎಸ್‌ಎಸ್‌ಡಿ ತಂದು ಲಿನಕ್ಸ್ ಹಾಕುವುದು ಅಂತ ಮಾತಾಗಿದೆ. ಅಲ್ಲಿಯವರೆಗೆ ಬ್ಯಾಂಕಿನ ಕೆಲಸ ಯಜಮಾನರ ಹೊಸ ಮೊಬೈಲಿನಲ್ಲೇ.